ವಿಮಾನದಲ್ಲಿ ಯಾಕೆ ಹೋಯಿತು ಅಂತ ಮೊದಲು ಕೇಳಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನಿಮ್ಮ ಕಂಪನಿ ನಾಲ್ಕೈದು ದೇಶಗಳಿಗೆ ಸರಕು ಕಳಿಸುತ್ತದೆ, ಸಾಗಣೆಯ ಕಾರ್ಬನ್ ಇಳಿಸಿ ಅಂತ ಮೇಲಿನವರು ಹೇಳಿದ್ದಾರೆ, ಕೆಲಸ ನಿಮ್ಮ ತಲೆಗೆ ಬಂದಿದೆ. ಹಸಿರು ಇಂಧನ ಕೊಳ್ಳೋದಾ, ಗಿಡ ನೆಡುವವರಿಗೆ ದುಡ್ಡು ಕಟ್ಟೋದಾ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ.

ನಾನು ಹದಿಮೂರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಫಾರ್ವರ್ಡರ್ (ಬೇರೆಯವರ ಸರಕಿಗೆ ಹಡಗು, ವಿಮಾನದಲ್ಲಿ ಜಾಗ ಹಿಡಿದುಕೊಡುವವರು) ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ, ಈಗ ಸರಕು ಕಳಿಸುವವರ ಕಡೆ ಕೂತಿದ್ದೇನೆ. ಎರಡೂ ಕಡೆ ಕಂಡದ್ದನ್ನೇ ಹೇಳುತ್ತೇನೆ: ಹಡಗಿನ ಇಂಧನದ ವಿಷಯ ಆಮೇಲೆ ನೋಡೋಣ, ಮೊದಲು ಕಳೆದ ವರ್ಷದ ಏರ್ ಫ್ರೈಟ್ (ವಿಮಾನದ ಸರಕು ಸಾಗಣೆ) ಬಿಲ್‌ಗಳನ್ನೆಲ್ಲ ಹೊರಗೆ ತೆಗೆಯಿರಿ.

ಯಾಕೆ ಅಂದರೆ ಲೆಕ್ಕ ಹಾಗಿದೆ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ವಿಮಾನ ಸುಮಾರು 500 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ದೊಡ್ಡ ಕಂಟೇನರ್ ಹಡಗು ಅದೇ ಕೆಲಸವನ್ನು ಹತ್ತಿಪ್ಪತ್ತು ಗ್ರಾಂನಲ್ಲಿ ಮುಗಿಸುತ್ತದೆ. ಲಾರಿ ಇವೆರಡರ ನಡುವೆ, ರೈಲು ಲಾರಿಗಿಂತ ಎಷ್ಟೋ ಕಡಿಮೆ. ಸಮುದ್ರದ ದಾರಿ ಸುತ್ತು ಅನ್ನೋದು ನಿಜ, ಅದನ್ನು ಸೇರಿಸಿಕೊಂಡರೂ ವ್ಯತ್ಯಾಸ ಇಪ್ಪತ್ತು, ಮೂವತ್ತು ಪಟ್ಟು ಉಳಿಯುತ್ತದೆ. ಅಂದರೆ ನಿಮ್ಮ ನೂರು ಟನ್ ಸರಕಿನಲ್ಲಿ ಬರೀ 4 ಟನ್ ವಿಮಾನದಲ್ಲಿ ಹೋಗಿದ್ದರೂ ಒಟ್ಟು ಕಾರ್ಬನ್ ಹೊರೆಯಲ್ಲಿ ಹೆಚ್ಚೂಕಡಿಮೆ ಅರ್ಧ ಆ 4 ಟನ್ನಿನದೇ. ಉಳಿದ 96 ಟನ್ನಿಗೆ ನೀವು ಎಷ್ಟೇ ದುಬಾರಿ ಹಸಿರು ಇಂಧನ ಕೊಂಡರೂ ಈ ಅರ್ಧ ಅಲ್ಲಾಡುವುದಿಲ್ಲ.

ಸರಿ, ಬಿಲ್ ಸಿಕ್ಕಿತು. ಈಗ ಪ್ರತಿ ಬಿಲ್ಲಿನ ಪಕ್ಕ ಎರಡು ಕಾಲಂ ಸೇರಿಸಿ. ವಿಮಾನ ಬೇಕು ಅಂದವರು ಯಾರು, ಯಾಕೆ ಬೇಕು ಅಂದರು. ಈ ಕೆಲಸ ನಾನು ಮಾಡಿದಾಗ ಗಿರಾಕಿಗಳ ಅವಸರವೇ ಕಾರಣ ಅಂದುಕೊಂಡು ಕೂತಿದ್ದೆ. ನೋಡಿದರೆ ಜಾಸ್ತಿ ಪಾಲು ನಮ್ಮದೇ ತಪ್ಪು. ಲೇಬಲ್ಲಿನ ವಿನ್ಯಾಸಕ್ಕೆ ಒಪ್ಪಿಗೆ ಸಿಗದೆ ಹನ್ನೆರಡು ದಿನ ಒಬ್ಬರ ಇನ್‌ಬಾಕ್ಸ್‌ನಲ್ಲಿ ಕೂತಿದೆ. ಟೆಸ್ಟ್ ರಿಪೋರ್ಟ್ ಬಂದಿಲ್ಲ ಅಂತ ಹಡಗಿನ ಬುಕಿಂಗ್ ರದ್ದಾಗಿದೆ. ಒಂದು ಸಲವಂತೂ ಪ್ಯಾಕಿಂಗ್ ಲಿಸ್ಟ್‌ನಲ್ಲಿ ತೂಕ ತಪ್ಪು ಬಿದ್ದು, ಅದನ್ನು ತಿದ್ದುವಷ್ಟರಲ್ಲಿ ಹಡಗಿಗೆ ಸರಕು ಒಪ್ಪಿಸುವ ಗಡುವು (ಕಟ್‌ಆಫ್) ಮುಗಿದು, ಮುಂದಿನ ಹಡಗು ಒಂದು ವಾರ ಆದಮೇಲೆ ಅಂತ ಗೊತ್ತಾಗಿ, ಮೂರು ಟನ್ ಮಾಲು ವಿಮಾನ ಹತ್ತಿತು. ಒಂದು ವಾರ ತಡವಾದರೆ ಏನಾಗುತ್ತೆ ಅಂತ ಗಿರಾಕಿಯನ್ನು ಯಾರೂ ಕೇಳಿರಲಿಲ್ಲ.

ಅದರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೂರು ವಾರ ಕಳೆದ ಮೇಲೆ ಬೇರೆ ಕೆಲಸಕ್ಕೆ ಆ ಗಿರಾಕಿಯ ಗೋದಾಮಿಗೆ ಹೋಗಿದ್ದೆ. ರ‍್ಯಾಕಿನ ಮೂರನೇ ಅಂತಸ್ತಿನಲ್ಲಿ ನಮ್ಮ ಪ್ಯಾಲೆಟ್‌ಗಳು (ಮರದ ಅಡಿಪಟ್ಟಿಯ ಮೇಲೆ ಡಬ್ಬ ಪೇರಿಸಿ ಸುತ್ತಿದ ಕಟ್ಟುಗಳು) ಕಂಡವು. ಸುತ್ತಿದ ಪ್ಲಾಸ್ಟಿಕ್ಕಿಗೆ ಬ್ಲೇಡು ಮುಟ್ಟಿರಲಿಲ್ಲ. ಏರ್‌ಲೈನಿನ ಸ್ಟಿಕರ್ ಹಾಗೇ ಇತ್ತು, ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಮುಂದಿನ ವಾರದ ಹಡಗಿಗೆ ಕೊಟ್ಟು, ಅಗತ್ಯ ಇದ್ದ ಒಂದೇ ಒಂದು ಪ್ಯಾಲೆಟ್ಟನ್ನು ವಿಮಾನಕ್ಕೆ ಹಾಕಿದ್ದರೆ ಸಾಕಿತ್ತು. ಅಂದಿನಿಂದ ತುರ್ತು ಸಾಗಣೆಯ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿದ್ದೇವೆ: ತಲುಪಿದ ಮೇಲೆ ಇದನ್ನು ಯಾವ ದಿನ ಬಿಚ್ಚುತ್ತೀರಿ, ಎಷ್ಟು ಡಬ್ಬ ಬಿಚ್ಚುತ್ತೀರಿ? ಈ ಪ್ರಶ್ನೆಗೆ ಉತ್ತರ ಬರೆಯಲು ಹೊರಟವರಲ್ಲಿ ಎಷ್ಟೋ ಜನ "ಬಿಡಿ, ಹಡಗಿಗೇ ಹಾಕಿ" ಅಂತ ವಾಪಸ್ ಫೋನ್ ಮಾಡಿದ್ದಾರೆ.

ಎರಡನೇದು ಖಾಲಿ ಜಾಗ. ತಮ್ಮ ಕಂಟೇನರ್ ತುಂಬಿ ಹೋಗುತ್ತದೆ ಅಂತಲೇ ಎಲ್ಲರೂ ಹೇಳುತ್ತಾರೆ. ನಂಬಬೇಡಿ. ಲೋಡಿಂಗ್ ದಿನ ನೀವೇ ಹೋಗಿ, ಬಾಗಿಲು ಮುಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ನಮ್ಮಲ್ಲಿ ನೆಲದ ಮೇಲೆ ಒಂದಿಂಚೂ ಜಾಗ ಇರುತ್ತಿರಲಿಲ್ಲ, ಸಾಲಾಗಿ 20 ಪ್ಯಾಲೆಟ್. ಆದರೆ ಅವುಗಳ ಮೇಲೆ ಸೂರಿನವರೆಗೆ ಬರೀ ಗಾಳಿ. 40 ಅಡಿಯ ಹೈಕ್ಯೂಬ್, ಅಂದರೆ ಎತ್ತರ ಜಾಸ್ತಿ ಇರುವ ಕಂಟೇನರಿನ ಬಾಗಿಲ ಎತ್ತರ ಸುಮಾರು 258 ಸೆಂಟಿಮೀಟರ್. ನಮ್ಮ ಪ್ಯಾಲೆಟ್ ಮರದ ಅಡಿಪಟ್ಟಿ ಸೇರಿ 137. ಒಂದರ ಮೇಲೊಂದು ಇಟ್ಟರೆ 274, ಬಾಗಿಲಲ್ಲೇ ತಡೆಯುತ್ತದೆ. ಹಾಗಾಗಿ ಒಂದೇ ಅಂತಸ್ತು. ಇದು ಎಷ್ಟೋ ವರ್ಷದಿಂದ ಹೀಗೇ ನಡೆದುಬಂದಿತ್ತು.

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು ಒಬ್ಬರು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು: ಏಳು ವರಸೆ ಡಬ್ಬ ಇದೆ, ಒಂದು ವರಸೆ ತೆಗೆದುಬಿಡಿ, ಆಗ 120ರ ಒಳಗೆ ಬರುತ್ತೆ, ಎರಡು ಕೂರುತ್ತೆ, ಎತ್ತಿ ಇಳಿಸೋಕೂ ಕೈಯಾಡುತ್ತೆ. ಲೆಕ್ಕ ಹಾಕಿ ನೋಡಿ. ಮೊದಲು 20 ಪ್ಯಾಲೆಟ್, ಏಳೇಳು ವರಸೆ, ಒಟ್ಟು 140. ಈಗ 40 ಪ್ಯಾಲೆಟ್, ಆರಾರು ವರಸೆ, 240. ಐದು ಕಂಟೇನರಿನ ಮಾಲು ಮೂರರಲ್ಲಿ ಹೋಯಿತು. ಎರಡು ವರ್ಷ ಸಭೆಗಳಲ್ಲಿ ಸಸ್ಟೇನಬಿಲಿಟಿ ಅಂತ ಸ್ಲೈಡ್ ಹಾಕಿದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ.

ಸುಮ್ನೆ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಮೊದಲ ಸಲ ಕೆಳಗಿನ ಸಾಲಿನ ಡಬ್ಬಗಳ ಮೂಲೆ ಜಜ್ಜಿಹೋಗಿದ್ದವು, ಗಿರಾಕಿ ಫೋಟೋ ಕಳಿಸಿ ಬೈದರು. ರಟ್ಟು ಇನ್ನಷ್ಟು ಗಟ್ಟಿಯದು ಮಾಡಿಸಿ, ಮೂಲೆಗಳಿಗೆ ರಟ್ಟಿನ ಕೋನ ಕೊಟ್ಟ ಮೇಲೆ ಸರಿಹೋಯಿತು. ನಮ್ಮದು ಹಗುರ ಮಾಲು, ಹಾಗಾಗಿ ತೂಕದ ಮಿತಿ ಅಡ್ಡ ಬರಲಿಲ್ಲ. ನಿಮ್ಮದು ಕಬ್ಬಿಣ, ಟೈಲ್ಸ್ ಆಗಿದ್ದರೆ ಈ ದಾರಿ ನಿಮಗಲ್ಲ, ಜಾಗ ತುಂಬುವ ಮುಂಚೆ ತೂಕ ತುಂಬಿಬಿಡುತ್ತದೆ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಎಷ್ಟೋ ಕಂಪನಿಗಳು ಸಾಗಣೆಗೆ ಖರ್ಚು ಮಾಡಿದ ದುಡ್ಡನ್ನು ಒಂದು ಸಂಖ್ಯೆಯಿಂದ ಗುಣಿಸಿ ಇದೇ ನಮ್ಮ ಕಾರ್ಬನ್ ಅನ್ನುತ್ತವೆ. 2021ರಲ್ಲಿ ಕಂಟೇನರ್ ಬಾಡಿಗೆ ಹಲವು ಪಟ್ಟು ಏರಿತ್ತಲ್ಲ, ಆ ಲೆಕ್ಕದಲ್ಲಿ ಅದೇ ಹಡಗು, ಅದೇ ದಾರಿ, ಅದೇ ಡಬ್ಬ ಒಮ್ಮೆಲೇ ಹಲವು ಪಟ್ಟು ಹೊಗೆ ಬಿಟ್ಟಂತೆ ಕಾಣುತ್ತದೆ. ತಮಾಷೆ ಅಲ್ವಾ. ತೂಕ ಮತ್ತು ದೂರದ ಮೇಲೆ ಲೆಕ್ಕ ಮಾಡಿ. ಇದಕ್ಕೆಂದೇ 2023ರಲ್ಲಿ ಐಎಸ್‌ಒ 14083 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಅದರ ಪ್ರಕಾರ ಲೆಕ್ಕ ಕೊಡಿ ಅಂತ ಫಾರ್ವರ್ಡರನ್ನು ಕೇಳಿ. ಇಂಧನ ತಯಾರಾಗುವಾಗ ಆಗುವ ಹೊರೆಯೂ ಅದರಲ್ಲಿ ಸೇರಿರಬೇಕು, ಬರೀ ಚಿಮಣಿಯಿಂದ ಬಂದದ್ದಷ್ಟೇ ಸಾಲದು.

ಈಗ ಹಡಗು. ಇಲ್ಲಿ ಎಲ್ಲಕ್ಕಿಂತ ಅಗ್ಗದ ಉಪಾಯ ನಿಧಾನ ಹೋಗುವುದು. ಹಡಗಿಗೆ ಬೇಕಾಗುವ ಶಕ್ತಿ ಹೆಚ್ಚೂಕಡಿಮೆ ವೇಗದ ಘನದಷ್ಟು ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 20 ನಾಟ್‌ನಿಂದ (ಗಂಟೆಗೆ ಸುಮಾರು 37 ಕಿಲೋಮೀಟರ್) 18ಕ್ಕೆ ಇಳಿಸಿದರೆ ಗಂಟೆಗೆ ಸುಡುವ ಇಂಧನ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಪಯಣ ಉದ್ದವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದೇ ದಾರಿಗೆ ಸುಮಾರು ಐದನೇ ಒಂದು ಭಾಗ ಉಳಿತಾಯ. 30 ದಿನದ ಪಯಣಕ್ಕೆ ಮೂರು ದಿನ ಕೂಡಿಸಿಕೊಳ್ಳುವ ಧೈರ್ಯ ನಿಮ್ಮ ಪ್ಲಾನಿಂಗ್‌ಗೆ ಇದೆಯಾ ಅನ್ನೋದೇ ಪ್ರಶ್ನೆ. ಇಷ್ಟಾಗಿಯೂ ಎಷ್ಟೋ ಹಡಗುಗಳು ಓಡಿಕೊಂಡು ಬಂದು ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ನಿಲ್ಲುತ್ತವೆ. ಮೊದಲು ಬಂದವರಿಗೆ ಮೊದಲ ಸರದಿ ಅನ್ನುವ ಪದ್ಧತಿ, ಜೊತೆಗೆ ತಡಮಾಡದೆ ಹೋಗಲೇಬೇಕು ಅನ್ನುವ ಹಳೇ ಬಾಡಿಗೆ ಕರಾರು. ಸರದಿ ಯಾವಾಗ ಅಂತ ಮೊದಲೇ ತಿಳಿಸಿದರೆ ಅಷ್ಟು ಹೊತ್ತಿಗೆ ಬಂದರೆ ಸಾಕು. ಇದು ನಿಮ್ಮ ಕೈಲಿಲ್ಲ, ಆದರೆ ಹಡಗಿನ ಕಂಪನಿ ಆರಿಸುವಾಗ ದರ ಕಡಿಮೆ ಎಷ್ಟು ಅನ್ನುವ ಜೊತೆಗೆ ಹೇಳಿದ ದಿನಕ್ಕೆ ಬರುತ್ತಾರಾ ಅನ್ನೋದನ್ನೂ ನೋಡಿ. ಹಡಗಿನ ದಿನಾಂಕ ನಂಬಿಕಸ್ತವಾಗಿದ್ದರೆ ವಿಮಾನದ ಆಸೆ ತಾನಾಗಿ ಕಡಿಮೆಯಾಗುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದಾಗ ಇದನ್ನು ಕಣ್ಣಾರೆ ಕಂಡೆ: ದಿನ ತಪ್ಪಿತು ಅಂದ ಕೂಡಲೇ ಎಲ್ಲರೂ ಏರ್ ಫ್ರೈಟ್‌ಗೆ ಫೋನ್ ಹಚ್ಚಿದರು.

ಇಂಧನದ ವಿಷಯಕ್ಕೆ ಕೊನೆಗೂ ಬಂದೆ. ಹಸಿರು ಮೆಥನಾಲ್, ಅಂದರೆ ಪೆಟ್ರೋಲಿಯಂ, ಕಲ್ಲಿದ್ದಲು ಬಳಸದೆ ತಯಾರಿಸಿದ ಒಂದು ಬಗೆಯ ಆಲ್ಕೋಹಾಲ್, ನಿಜವಾದ ದಾರಿಯೇ. ಮೆಥನಾಲ್‌ನಲ್ಲಿ ಓಡುವ ಮೊದಲ ಕಂಟೇನರ್ ಹಡಗು ಲಾರಾ ಮೇರ್ಸ್ಕ್ 2023ರಲ್ಲೇ ನೀರಿಗಿಳಿದಿದೆ. ಆದರೆ ಅದೇ ತೂಕದ ಹಡಗೆಣ್ಣೆಯ ಅರ್ಧದಷ್ಟೇ ಶಕ್ತಿ ಅದರಲ್ಲಿರುವುದು, ಹಾಗಾಗಿ ಟ್ಯಾಂಕ್ ದೊಡ್ಡದು ಬೇಕು. ಅದಕ್ಕಿಂತ ದೊಡ್ಡ ತೊಡಕು ಹಸಿರಾಗಿ ತಯಾರಾದ ಮೆಥನಾಲ್ ಬೇಕಾದಷ್ಟು ಸಿಗದಿರುವುದು. ಎಲ್‌ಎನ್‌ಜಿ (ತಂಪುಗೊಳಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ) ಬಗ್ಗೆ ನನಗೆ ಅನುಮಾನ ಇದೆ. ಸುಡುವಾಗ ಕಾರ್ಬನ್ ಕಡಿಮೆ, ಒಪ್ಪುತ್ತೇನೆ, ಆದರೆ ಎಂಜಿನ್ನಿನಿಂದ ಸುಡದೆ ಸೋರುವ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಿಸಿಯೇರಿಸುವ ಅನಿಲ, ಅದು ಆ ಲಾಭವನ್ನು ತಿಂದುಹಾಕಬಹುದು. ಹಡಗಿನ ಕಂಪನಿಗಳು ಮಾರುವ ಹಸಿರು ಇಂಧನದ ಸರ್ಟಿಫಿಕೇಟ್ ಬೇಕಿದ್ದರೆ ಕೊಳ್ಳಿ. ನಿಮ್ಮ ಡಬ್ಬ ಇರುವ ಹಡಗಿನಲ್ಲೇ ಆ ಇಂಧನ ಸುಡಬೇಕು ಅಂತಿಲ್ಲ, ಬೇರೆ ಹಡಗಿನಲ್ಲಿ ಸುಟ್ಟು ಲೆಕ್ಕ ನಿಮ್ಮ ಹೆಸರಿಗೆ ಹಾಕುತ್ತಾರೆ. ಅದರಲ್ಲಿ ಮೋಸವಿಲ್ಲ, ಅದೇ ಲೀಟರನ್ನು ಇನ್ನೊಬ್ಬರಿಗೂ ಮಾರಿಲ್ಲ ಅಂತ ಹೊರಗಿನವರು ತಪಾಸಣೆ ಮಾಡಿದ ಪತ್ರ ಕೊಟ್ಟರೆ. ಇನ್ನು ಗಿಡದ ಸ್ಕೀಮು ಬಿಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೇಲಿನವರು ದುಡ್ಡಿನ ಭಾಷೆಯಲ್ಲಿ ಕೇಳಿದರೆ ನಿಯಮಗಳ ಮಾತು ಎತ್ತಿ. ಯುರೋಪಿಗೆ ಕಳಿಸುವವರಾದರೆ ನಿಮ್ಮ ಬಿಲ್ಲಿನಲ್ಲಿ ಈಗಾಗಲೇ ಒಂದು ಸಾಲು ಸೇರಿರುತ್ತದೆ. ಯುರೋಪಿಯನ್ ಒಕ್ಕೂಟ 2024ರಿಂದ ಹಡಗುಗಳ ಹೊಗೆಗೂ ಬೆಲೆ ಕಟ್ಟಿದೆ, ಲೆಕ್ಕಕ್ಕೆ ಬರುವ 2024ರ ಹೊಗೆಯಲ್ಲಿ 40 ಪರ್ಸೆಂಟಿಗೆ, 2025ರದ್ದರಲ್ಲಿ 70ಕ್ಕೆ, 2026ರಿಂದ ಪೂರ್ತಿ. ಜಗತ್ತಿಗೆಲ್ಲ ಒಂದೇ ನಿಯಮ ತರಲು ಹೊರಟ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2050ರ ಹೊತ್ತಿಗೆ ನಿವ್ವಳ ಶೂನ್ಯ (ಬಿಟ್ಟದ್ದನ್ನೂ ಹಿಂತೆಗೆದದ್ದನ್ನೂ ಕಳೆದರೆ ಸೊನ್ನೆ) ಅಂತ 2023ರಲ್ಲಿ ಗುರಿ ಇಟ್ಟಿತು, ಆದರೆ ಹೊಗೆಗೆ ಬೆಲೆ ಕಟ್ಟುವ ನಿರ್ಧಾರವನ್ನು 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿತು. ಅದು ಬರಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಕಂಟೇನರ್ ಐದರಿಂದ ಮೂರಕ್ಕೆ ಇಳಿಸಲು ಯಾರ ಠರಾವೂ ಬೇಕಿಲ್ಲ.

ಕೊನೆಗೆ, ಜಗಳಕ್ಕೆ ತಯಾರಾಗಿರಿ. ಮಾರಾಟದವರು ಗಿರಾಕಿಗೆ ಮಾತು ಕೊಟ್ಟುಬಿಟ್ಟಿರುತ್ತಾರೆ, ಏರ್ ಫ್ರೈಟ್ ಬಿಲ್ ಮಾತ್ರ ಲಾಜಿಸ್ಟಿಕ್ಸ್ ಖಾತೆಗೆ ಬೀಳುತ್ತದೆ. ಹಾಗಿರುವವರೆಗೂ ಅವರಿಗೆ ಎಲ್ಲವೂ ತುರ್ತೇ. ನಮ್ಮಲ್ಲಿ ತಿಂಗಳುಗಟ್ಟಲೆ ವಾದ ಮಾಡಿ ಕೊನೆಗೆ ಒಂದು ನಿಯಮ ಮಾಡಿಸಿದೆ: ವಿಮಾನ ಯಾವ ವಿಭಾಗದ ತಡದಿಂದ ಬೇಕಾಯಿತೋ ಬಿಲ್ ಆ ವಿಭಾಗದ ಖಾತೆಗೆ. ಲೇಬಲ್ ತಡವಾದರೆ ವಿನ್ಯಾಸದವರಿಗೆ, ಕಾಗದ ತಪ್ಪಾದರೆ ನಮಗೇ. ಮೊದಲ ಬಿಲ್ ನನ್ನ ಖಾತೆಗೇ ಬಿತ್ತು, ಮಾರಾಟದವರು ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಅಂಟಿಸಿ ಹೋದರು. ಇರಲಿ ಅಂತ ಹಾಗೇ ಬಿಟ್ಟಿದ್ದೇನೆ. ಮುಂದಿನ ತಿಂಗಳಿಂದ ಲೇಬಲ್ಲಿನ ಒಪ್ಪಿಗೆ ಎರಡೇ ದಿನಕ್ಕೆ ಬರತೊಡಗಿತು.