ಒಂದು ವಿಷಯದಲ್ಲಿ ಅಂಕ ಕಡಿಮೆಯಾದರೆ ಸೀಟು ಕೈತಪ್ಪುತ್ತದೆಯೇ?

ಪ್ರಶ್ನೆ: ಮಗಳು ತುಮಕೂರಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಪರೀಕ್ಷೆ-1ರಲ್ಲಿ ಗಣಿತ 88, ಕೆಮಿಸ್ಟ್ರಿ 84, ಇಂಗ್ಲಿಷ್ 80, ಕಂಪ್ಯೂಟರ್ ಸೈನ್ಸ್ 86 ಬಂದಿದೆ. ಫಿಸಿಕ್ಸ್ ಮಾತ್ರ 52: ಪ್ರಾಯೋಗಿಕ 28, ಥಿಯರಿ 24. ಊರಲ್ಲೇ ಇರುವ ಇಂಜಿನಿಯರಿಂಗ್ ಕಾಲೇಜು ಎಸ್‌ಐಟಿಗೆ ಸೇರುವ ಆಸೆ ಅವಳಿಗೆ. ಪರೀಕ್ಷೆ-2 ಕಟ್ಟಿಸಲೇ, ಇಷ್ಟಕ್ಕೇ ಬಿಡಲೇ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಖಂಡಿತ ಕಟ್ಟಿಸಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕ ಅರ್ಧ, ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಅರ್ಧ ಹಿಡಿಯುತ್ತದೆ. ನಿಮ್ಮ ಮಗಳಿಗೆ ಈಗ 300ಕ್ಕೆ 224, ಅಂದರೆ ಶೇ. 74.67. ಅದರ ಅರ್ಧ 37.33. ಫಿಸಿಕ್ಸ್ 75ಕ್ಕೆ ಏರಿದರೆ ಮೊತ್ತ 247 ಆಗಿ, ಅರ್ಧ ಪಾಲು 41.17 ಆಗುತ್ತದೆ. ಈ 3.84 ಅಂಶವನ್ನು ಸಿಇಟಿಯಲ್ಲಿ ಗಳಿಸಬೇಕಿದ್ದರೆ 180 ಪ್ರಶ್ನೆಗಳಲ್ಲಿ ಇನ್ನೂ 14 ಸರಿ ಮಾಡಬೇಕಿತ್ತು. ಬೋರ್ಡಿನ 5 ಅಂಕ ಸಿಇಟಿಯ 3 ಪ್ರಶ್ನೆಗೆ ಸಮ. ಸಿಇಟಿ ವರ್ಷಕ್ಕೆ ಒಂದೇ ಸಲ, ಬೋರ್ಡಿನಲ್ಲಿ ಪರೀಕ್ಷೆ-1ರ ನಂತರವೂ ಅವಕಾಶವಿದೆ. ಹೆಚ್ಚು ಬಂದ ಅಂಕವೇ ಉಳಿಯುವುದರಿಂದ ಮತ್ತೆ ಬರೆದು ಕಳೆದುಕೊಳ್ಳುವುದೇನೂ ಇಲ್ಲ.

ಆದರೆ ಓದಲು ಕೂರುವ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಸೋತಿರುವುದು 70ರ ಥಿಯರಿಯಲ್ಲಿ, ಎಲ್ಲಿ ಸೋತಿದೆ ಎಂಬುದು ಅದರಲ್ಲೇ ಕಾಣುತ್ತದೆ. ಐದು ಅಂಕದ ಲೆಕ್ಕದಲ್ಲಿ ಸೂತ್ರ, ಬೆಲೆ ಹಾಕುವುದು, ಉತ್ತರ ಮತ್ತು ಏಕಮಾನಕ್ಕೆ ಬೇರೆ ಬೇರೆ ಅಂಕವಿದೆ. ಉತ್ತರ ತಪ್ಪಾಗುತ್ತದೆಂದು ಹೆದರಿ ಲೆಕ್ಕವನ್ನೇ ಮುಟ್ಟದ ಮಕ್ಕಳು ಸೂತ್ರಕ್ಕೆ ಸಿಗುವ ಅಂಕವನ್ನೂ ಕಳೆದುಕೊಳ್ಳುತ್ತಾರೆ. ನಿರೂಪಣೆಯ ಪ್ರಶ್ನೆಯಲ್ಲಿ ಚಿತ್ರ ಬಿಟ್ಟರೂ ಹಾಗೆಯೇ. ಬರೆದ ಉತ್ತರಕ್ಕೆ ಅಂಕ ಬಿದ್ದಿಲ್ಲ, ಅಥವಾ ಕೂಡಿಕೆ ತಪ್ಪಿದೆ ಎಂದು ಕಂಡರೆ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಿ. ಕಾಲೇಜಿನ ಉಪನ್ಯಾಸಕರಿಗೆ ಪ್ರತಿ ತೋರಿಸದೆ ಸುಮ್ಮನೆ ದುಡ್ಡು ಕಟ್ಟಬೇಡಿ.

ಸಿಇಟಿ ಅರ್ಜಿಯಲ್ಲಿ ಪಿಯು ನೋಂದಣಿ ಸಂಖ್ಯೆ ಸರಿಯಾಗಿದೆಯೇ ಎಂದು ಇವತ್ತೇ ನೋಡಿ. ಅಂಕ ತಾಳೆಯಾಗದೆ ರ‍್ಯಾಂಕೇ ಬಾರದಿದ್ದರೆ ಆ ತೊಂದರೆ 52 ಅಂಕಕ್ಕಿಂತ ದೊಡ್ಡದು. ಪರೀಕ್ಷೆ-2ರ ಫಲಿತಾಂಶ ಬಂದ ಮೇಲೆ ಹೊಸ ಅಂಕ ಕೆಇಎ ದಾಖಲೆಗೆ ಸೇರಿದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಅವಳು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಶೇ. 15ರ ಗ್ರಾಮೀಣ ಮೀಸಲಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ಹೊತ್ತಿಗೆ ಅದಕ್ಕಾಗಿ ಓಡಾಡುವಂತೆ ಆಗಬಾರದು.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ರ‍್ಯಾಂಕ್ ನಿಂತಿರುವುದು ಆ ಪರೀಕ್ಷೆಯ ಅಂಕದ ಮೇಲೆ ಮಾತ್ರ. ಪಿಯುಸಿ ಅಂಕ ಅರ್ಹತೆಗಷ್ಟೆ. ಜೆಇಇ ಮೂಲಕ ಎನ್‌ಐಟಿಗೆ ಹೋಗುವುದಾದರೆ ಸಾಮಾನ್ಯ ವರ್ಗಕ್ಕೆ ಐದು ವಿಷಯ ಸೇರಿ ಶೇ. 75 ಇರಬೇಕು, ಇಲ್ಲವೇ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿರಬೇಕು. ನೀವು ಕೊಟ್ಟ ಅಂಕಗಳು ಕೂಡಿದರೆ 390, ಶೇ. 78. ಅಲ್ಲಿ ಅಡ್ಡಿಯಿಲ್ಲ.

ಪ್ರಶ್ನೆ: ಪ್ರಥಮ ಪಿಯುಸಿ ಗಣಿತದಲ್ಲಿ 38 ಬಂದು ಪಾಸಾಗಿದ್ದೇನೆ. ಇದು ಸಿಇಟಿ ರ‍್ಯಾಂಕಿಗೆ ಹೊಡೆತವೇ, ಸರ್?
– ವಿದ್ಯಾರ್ಥಿ, ಶಿರಾ

ಉತ್ತರ: ಆ 38 ರ‍್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕವೂ ಅಷ್ಟೆ, ಅದನ್ನು ನೋಡುವುದು ಪಿಯು ಮತ್ತು ಡಿಪ್ಲೊಮಾ ಪ್ರವೇಶಕ್ಕೆ. ಹೊಡೆತ ಬೀಳುವುದು ಬೇರೆ ಕಡೆ. ಸಿಇಟಿಯಲ್ಲಿ ಪ್ರಥಮ ಪಿಯುಸಿ ಪಾಠದ ಪ್ರಶ್ನೆಗಳೂ ಇರುತ್ತವೆ. ತ್ರಿಕೋನಮಿತಿ ಗೊತ್ತಿಲ್ಲದಿದ್ದರೆ ದ್ವಿತೀಯ ವರ್ಷದ ವಿಲೋಮ ತ್ರಿಕೋನಮಿತಿ ತಲೆಗೆ ಹತ್ತದು, ಮಿತಿ ಮತ್ತು ಅವಕಲನ ಹಿಡಿತಕ್ಕೆ ಸಿಗದಿದ್ದರೆ ಇಡೀ ಕಲನವೇ ಕಷ್ಟ. ಬೇಸಿಗೆ ರಜೆಯಲ್ಲಿ ಈ ಎರಡು ಅಧ್ಯಾಯಗಳ ಅಭ್ಯಾಸದ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿ. ಸಮಯ ಉಳಿದರೆ ಮುಂದಿನದು ದ್ವಿಪದ ಪ್ರಮೇಯ.