ಬದಿಯಡ್ಕದಿಂದ ಮಂಗಳೂರಿಗೆ ದಿನಾ ಕಾಲೇಜು: ಮೊದಲ ಕಾರು ಎಲೆಕ್ಟ್ರಿಕ್ ಆಗಬಹುದೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕ ಹತ್ತಿರದ ಹಳ್ಳಿಯಲ್ಲಿ. ಮಂಗಳೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಿಂದಲೇ ಹೋಗಿ ಬರುವುದು, ದಿನಕ್ಕೆ ಸುಮಾರು 110 ಕಿ.ಮೀ. ಬಸ್ಸು, ರೈಲು, ಮತ್ತೆ ಬಸ್ಸು ಎಂದು ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ. ಲ್ಯಾಬ್ ಇದ್ದ ದಿನ ಮನೆ ಮುಟ್ಟುವಾಗ ಕತ್ತಲೆ. ಹತ್ತು ಲಕ್ಷದ ಆಸುಪಾಸಿನಲ್ಲಿ ಕಾರು ತೆಗೆದುಕೊಡಲು ಅಪ್ಪ ಒಪ್ಪಿದ್ದಾರೆ. ನನಗೆ ಎಲೆಕ್ಟ್ರಿಕ್ ಆಸೆ. ಅಪ್ಪನಿಗೆ ‘ದಾರಿಯಲ್ಲಿ ಚಾರ್ಜ್ ಮುಗಿದು ನಿಂತರೆ ಏನು ಮಾಡ್ತೀ’ ಎಂಬ ಹೆದರಿಕೆ. ಲೈಸೆನ್ಸ್ ಸಿಕ್ಕಿ ಆರು ತಿಂಗಳಾಯಿತು. ಯಾವುದು ಸರಿ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿಮಗೆ ಎಲೆಕ್ಟ್ರಿಕ್ ಕಾರು ಹೊಂದುತ್ತದೆ. ಎರಡು ಕಾರಣಕ್ಕೆ. ರಾತ್ರಿ ಕಾರು ನಿಲ್ಲುವುದು ನಿಮ್ಮದೇ ಅಂಗಳದಲ್ಲಿ. ಮತ್ತೆ ನೀವು ದಿನಾ ಓಡಿಸುವ ದೂರ ಜಾಸ್ತಿ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ನಾನು ಬೇಡ ಎನ್ನುತ್ತಿದ್ದೆ.

ಮೊದಲು ಅಪ್ಪನ ಹೆದರಿಕೆ. ಅದು ಸುಮ್ನೆ ಬಂದದ್ದಲ್ಲ. ಕಂಪನಿ ಹೇಳುವ ರೇಂಜ್ (ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ನಂಬಿ ಸಣ್ಣ ಬ್ಯಾಟರಿಯ ಕಾರು ತಂದು ಒದ್ದಾಡುವವರು ಇದ್ದಾರೆ. ಟಾಟಾದ ಎಲೆಕ್ಟ್ರಿಕ್ ಕಾರು (ಇವಿ) ಟಿಯಾಗೊವನ್ನೇ ನೋಡಿ. 2022ರಲ್ಲಿ ಅದು ಬಂದಾಗ 19.2 ಮತ್ತು 24 ಕಿಲೋವ್ಯಾಟ್ ಅವರ್ (ಅಂದರೆ ಅಷ್ಟು ಯುನಿಟ್ ಕರೆಂಟ್ ಹಿಡಿಯುವ), ಹೀಗೆ ಎರಡು ಬ್ಯಾಟರಿ ಇದ್ದವು. ದೊಡ್ಡದಕ್ಕೆ 315 ಕಿ.ಮೀ. ಎಂದು ಪರೀಕ್ಷೆಯ ಲೆಕ್ಕ. ನಮ್ಮ ರಸ್ತೆಯಲ್ಲಿ ಎಸಿ ಹಾಕಿ, ಹೈವೇಯಲ್ಲಿ ಓಡಿಸಿದರೆ 180ರಿಂದ 200 ಎಂದು ಇಟ್ಟುಕೊಳ್ಳಿ. ನಿಮಗೆ ಬೇಕಾದ್ದು 110. ಮನೆಗೆ ಬಂದಾಗಲೂ ಮೂರನೇ ಒಂದು ಪಾಲು ಉಳಿದಿರುತ್ತದೆ. ಸಣ್ಣ ಬ್ಯಾಟರಿಯಲ್ಲೂ ಹೋಗಿ ಬರಬಹುದು. ಆದರೆ ಗೆಳತಿಯನ್ನು ಸುರತ್ಕಲ್‌ಗೆ ಬಿಟ್ಟು ಬರಬೇಕಾದ ದಿನ ಎದೆ ಹೊಡೆದುಕೊಳ್ಳುತ್ತದೆ. ನಾಲ್ಕೈದು ವರ್ಷ ಕಳೆದ ಮೇಲೆ ಬ್ಯಾಟರಿಯ ಶಕ್ತಿ ಸ್ವಲ್ಪ ಇಳಿಯುವುದೂ ಇದೆ. ಹಾಗಾಗಿ ಯಾವ ಕಂಪನಿಯದೇ ಆಗಲಿ, ನೀವು ನೋಡಬೇಕಾದದ್ದು 24ಕ್ಕಿಂತ ಕಡಿಮೆ ಇಲ್ಲದ ಬ್ಯಾಟರಿ.

ತಲಪಾಡಿವರೆಗಿನ ಆರು ಪಥದ ರಸ್ತೆಯಲ್ಲಿ ಕಾಲು ತಾನಾಗಿಯೇ ಭಾರವಾಗುತ್ತದೆ. ನೂರರಲ್ಲಿ ಹೋದರೆ ರೇಂಜ್ ಕಣ್ಣೆದುರೇ ಕರಗುತ್ತದೆ. 75–80ರಲ್ಲಿ ಹೋಗಿ. ಕಾಲೇಜಿಗೆ ಐದಾರು ನಿಮಿಷ ತಡವಾದೀತು, ಅಷ್ಟೇ.

ಎಂಜಿ ಕಂಪನಿಯ ಕಾಮೆಟ್‌ನಂಥ ಪುಟ್ಟ ಎಲೆಕ್ಟ್ರಿಕ್ ಕಾರು ಪೇಟೆಯೊಳಗೆ ಚೆನ್ನ. ಅದರದು 17.3ರ ಬ್ಯಾಟರಿ, ಡಿಸಿ ಫಾಸ್ಟ್ ಚಾರ್ಜಿಂಗ್ (ಹೊರಗಿನ ಸ್ಟೇಷನ್ನಿನಲ್ಲಿ ಬೇಗ ಚಾರ್ಜ್ ಮಾಡುವ ವ್ಯವಸ್ಥೆ) ಇಲ್ಲ. ದಿನಾ ಲಾರಿಗಳ ನಡುವೆ ಹೈವೇ ಓಡಾಟಕ್ಕೆ ನಾನು ಹೇಳುವುದಿಲ್ಲ. ಬ್ಯಾಟರಿ ಬಾಡಿಗೆಗೆ, ಕಾರಿನ ಬೆಲೆ ಕಡಿಮೆ ಎಂಬ ಸ್ಕೀಮನ್ನೂ ಶೋರೂಮಿನಲ್ಲಿ ಮುಂದಿಡುತ್ತಾರೆ. ಕಿ.ಮೀ.ಗೆ ಎರಡೂವರೆ ರೂಪಾಯಿ ಎಂದರೂ ನಿಮ್ಮ ಓಡಾಟಕ್ಕೆ ತಿಂಗಳಿಗೆ ಆರು ಸಾವಿರ ಬಾಡಿಗೆ ಆಯಿತು, ಕರೆಂಟಿನ ಖರ್ಚು ಬೇರೆ. ಅದು ಕಡಿಮೆ ಓಡಿಸುವವರಿಗೆ.

ಈಗ ದುಡ್ಡಿನ ಲೆಕ್ಕ. ತಿಂಗಳಿಗೆ 22 ದಿನ ಕಾಲೇಜು ಎಂದರೆ 2,420 ಕಿ.ಮೀ. ಗೋಡೆಯ ಪ್ಲಗ್ಗಿನಿಂದ ಕಾರಿಗೆ ಹೋಗುವಾಗ ಆಗುವ ನಷ್ಟವನ್ನೂ ಸೇರಿಸಿ ಯುನಿಟ್‌ಗೆ ಏಳು ಕಿ.ಮೀ. ಹಿಡಿಯಿರಿ. ದಿನಕ್ಕೆ 16 ಯುನಿಟ್, ತಿಂಗಳಿಗೆ ಸುಮಾರು 350.

ಇಲ್ಲಿ ಒಂದು ವಿಷಯ ಶೋರೂಮಿನವರು ಹೇಳುವುದಿಲ್ಲ. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಮನೆ ದರದಲ್ಲಿ ತಿಂಗಳಿಗೆ 250 ಯುನಿಟ್‌ವರೆಗೆ ಮಾತ್ರ ಸ್ಲ್ಯಾಬ್ ಲೆಕ್ಕ: ಮೊದಲಿನ ಯುನಿಟ್‌ಗಳಿಗೆ ಕಡಿಮೆ, ಮೇಲಿನದಕ್ಕೆ ಜಾಸ್ತಿ. ಆ ಗೆರೆ ದಾಟಿದರೆ ಮೊದಲ ಯುನಿಟ್‌ನಿಂದ ಕೊನೆಯದರವರೆಗೂ ಒಂದೇ ದೊಡ್ಡ ದರ. ನಿಮ್ಮ ಮನೆಗೆ ಈಗ ತಿಂಗಳಿಗೆ 150 ಯುನಿಟ್ ಆಗುತ್ತಿದೆ ಎಂದಿಟ್ಟುಕೊಳ್ಳಿ. ಕಾರು ಬಂದರೆ 500. ಕಾರಿನ ಕರೆಂಟಿನ ಜೊತೆ ಫ್ಯಾನು, ಫ್ರಿಜ್ಜು, ಮಿಕ್ಸಿಯ ಕರೆಂಟೂ ದುಬಾರಿಯಾಗುತ್ತದೆ. ಅದೂ ಎರಡು ತಿಂಗಳ ಬಿಲ್ಲು ಒಟ್ಟಿಗೆ ಬರುವುದರಿಂದ ಮೊದಲ ಸಲ ನೋಡಿದಾಗ ಅಮ್ಮ ಗಾಬರಿಯಾಗುವುದು ಖಂಡಿತ. ಮೊದಲೇ ಹೇಳಿಡಿ. ಯುನಿಟ್‌ಗೆ ಒಂಬತ್ತು ರೂಪಾಯಿ ಹಿಡಿದು, ಮನೆ ಬಿಲ್ಲಿನ ಏರಿಕೆಯನ್ನೂ ಸೇರಿಸಿದರೆ ತಿಂಗಳಿಗೆ ಮೂರೂಮುಕ್ಕಾಲು ಸಾವಿರದಷ್ಟು ಆದೀತು.

ಅದೇ ದೂರಕ್ಕೆ ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರು 134 ಲೀಟರ್ ಕುಡಿಯುತ್ತದೆ. ಲೀಟರಿಗೆ 105 ರೂಪಾಯಿಯಂತೆ 14 ಸಾವಿರ. ತಿಂಗಳಿಗೆ ಹತ್ತು ಸಾವಿರದ ವ್ಯತ್ಯಾಸ ಸಣ್ಣದಲ್ಲ ಅಲ್ವಾ? ಇವಿಗೆ ನೀವು ಕೊಡುವ ಹೆಚ್ಚಿನ ಬೆಲೆ ಎರಡು–ಎರಡೂವರೆ ವರ್ಷದಲ್ಲಿ ವಾಪಸ್ ಬರುತ್ತದೆ. ದಿನಕ್ಕೆ 20 ಕಿ.ಮೀ. ಓಡಿಸುವವರಿಗೆ ಇದೇ ಲೆಕ್ಕ ಹತ್ತು ವರ್ಷವಾದರೂ ಕೂಡಿಬರುವುದಿಲ್ಲ.

ಟೋಲಿನಲ್ಲಿ ಇವಿಗೆ ರಿಯಾಯಿತಿ ಇಲ್ಲ. 2025ರ ಆಗಸ್ಟ್ 15ಕ್ಕೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್‌ನಲ್ಲಿ 200 ಸಲ ದಾಟಬಹುದು. ಹೆಸರು ವಾರ್ಷಿಕವಾದರೂ ದಿನಾ ಎರಡು ಸಲ ದಾಟುವ ನಿಮಗೆ ಐದು ತಿಂಗಳೂ ಬರುವುದಿಲ್ಲ. ಇದನ್ನೂ ಲೆಕ್ಕಕ್ಕೆ ಸೇರಿಸಿ.

ಕಾರು ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಮನೆಗೆ ಕರೆಸಿ. ನಿಮಗೆ ದೊಡ್ಡ ವಾಲ್ ಚಾರ್ಜರ್ ಬೇಡ. 15 ಆಂಪ್ಸ್ ಸಾಕೆಟ್‌ನಲ್ಲಿ 16 ಯುನಿಟ್ ತುಂಬಲು ಐದು ಗಂಟೆ ಸಾಕು. ಆದರೆ ಆ ಸಾಕೆಟ್‌ಗೆ ಮೈನ್ ಬೋರ್ಡಿನಿಂದ ಬೇರೆಯೇ ವಯರ್, ಬೇರೆಯೇ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್) ಇರಬೇಕು. ಗ್ರೈಂಡರ್‌ನ ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಹಾಕಿ ಅಂಗಳಕ್ಕೆ ಎಳೆಯುವುದು ಬೇಡವೇ ಬೇಡ. ಐದು ಗಂಟೆ ಒಂದೇ ಸಮ ಎಳೆಯುವ ಕರೆಂಟಿಗೆ ಹಳೇ ಸಾಕೆಟ್ ಕರಗುತ್ತದೆ. ಕನೆಕ್ಟೆಡ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಏರಿಸಬೇಕೇ ಎಂದು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಬೇಕಿದ್ದರೆ ಅರ್ಜಿ ಕೊಡಿ.

ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದದ್ದು ಅರ್ತಿಂಗ್. ಮುರಕಲ್ಲಿನ ಗುಡ್ಡೆಯ ಮೇಲೆ ಮನೆ ಇದ್ದರೆ ಮಾರ್ಚ್ ಹೊತ್ತಿಗೆ ಅರ್ತ್ ಗುಂಡಿ ಒಣಗಿ ಕಲ್ಲಾಗಿರುತ್ತದೆ. ಕಾರು ಪ್ಲಗ್ಗಿಗೆ ಹಾಕಿದ ಕೂಡಲೇ ಕೆಂಪು ಲೈಟ್ ಬಂದು ಚಾರ್ಜ್ ಆಗುವುದೇ ಇಲ್ಲ. ಜನ ಕಾರು ಕೆಟ್ಟಿತು ಎಂದುಕೊಳ್ಳುತ್ತಾರೆ. ಗುಂಡಿ ಹೊಸದಾಗಿ ಮಾಡಿಸಿ, ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕುತ್ತಿರಿ. ಸಿಡಿಲಿನ ದಿನಗಳಲ್ಲಿ ಪ್ಲಗ್ ತೆಗೆದಿಡಿ. ಜೂನ್–ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಮರುದಿನವೂ ಕರೆಂಟ್ ಇರುವುದಿಲ್ಲ ಎಂದು ನಿಮಗೇ ಗೊತ್ತು. ಮಳೆಗಾಲದಲ್ಲಿ ‘ನಾಳೆ ಹಾಕಿದರಾಯಿತು’ ಎನ್ನಬೇಡಿ. ಬಂದ ದಿನವೇ ತುಂಬಿಸಿ. ಹಾಗೆಂದು ಬಂದ ಕೂಡಲೇ ಅಲ್ಲ. ತಿಂಗಳಿಗೆ 250 ಯುನಿಟ್ ದಾಟುವ ಮನೆಗಳಿಗೆ ಸಂಜೆ 6ರಿಂದ 10ರವರೆಗಿನ ಕರೆಂಟು ದುಬಾರಿ. ಹತ್ತರ ಮೇಲೆ ಶುರುವಾಗುವಂತೆ ಟೈಮರ್ ಇಡಿ.

ಇನ್ನೊಂದು ಮಾತು ಅಪ್ಪನಿಗೆ. ತೋಟದ ಪಂಪ್ ಶೆಡ್ಡಿನ ಕೃಷಿ ಕನೆಕ್ಷನ್‌ನಿಂದ ಕಾರು ಚಾರ್ಜ್ ಮಾಡುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಬೇಡ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ, ಎರಡು ಪಟ್ಟು ದರದ ಬಿಲ್ಲು ಬರುತ್ತದೆ.

ಓಡಿಸುವ ವಿಷಯದಲ್ಲಿ ಹೊಸಬರಿಗೆ ಇವಿ ಸುಲಭ. ಕ್ಲಚ್ ಇಲ್ಲ, ಏರಿನಲ್ಲಿ ಹಿಂದಕ್ಕೆ ಜಾರುವ ಭಯ ಕಡಿಮೆ. ನಮ್ಮ ಗುಡ್ಡೆ ರಸ್ತೆಗಳಿಗೆ ಇದು ದೊಡ್ಡ ವರ. ಆದರೆ ಕಾಲಿಟ್ಟ ಕೂಡಲೇ ನುಗ್ಗುತ್ತದೆ. ಮೊದಲ ಮಳೆಗೆ ಒದ್ದೆಯಾದ ರಸ್ತೆಯಲ್ಲಿ, ತಿರುವಿನಿಂದ ಹೊರಬರುವಾಗ ಇದು ಅಪಾಯ. ಮೊದಲ ಕೆಲವು ತಿಂಗಳು ಸ್ಪೋರ್ಟ್ ಮೋಡ್ ಮುಟ್ಟಲೇಬೇಡಿ. ಶಬ್ದ ಇಲ್ಲದ ಕಾರಾದ್ದರಿಂದ ಶಾಲೆ ಬಿಡುವ ಹೊತ್ತಿಗೆ ಒಳರಸ್ತೆಯಲ್ಲಿ ಮಕ್ಕಳಿಗೆ ನೀವು ಬಂದದ್ದೇ ತಿಳಿಯುವುದಿಲ್ಲ. ತಿರುವಿನಲ್ಲಿ ಹಾರ್ನ್ ಹಾಕಿ. ಮನೆಯಲ್ಲಿ ಗೇರಿನ ಹಳೇ ಗಾಡಿ ಇದ್ದರೆ ವಾರಕ್ಕೊಮ್ಮೆ ಅದನ್ನೂ ಓಡಿಸಿ, ಕೈ ಬಿಟ್ಟುಹೋಗದಿರಲಿ. ಮಳೆಗಾಲದಲ್ಲಿ ತೋಡು ಉಕ್ಕಿ ರಸ್ತೆಗೆ ಬಂದರೆ ‘ಬ್ಯಾಟರಿಗೆ ನೀರು ತಾಗದು’ ಎಂಬ ಧೈರ್ಯ ಬೇಡ. ಬ್ಯಾಟರಿಗೆ ಕೊಡುವ ಐಪಿ67 ಎಂಬ ಗುರುತು ಎಂದರೆ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿದ ಪರೀಕ್ಷೆ. ಹರಿಯುವ ನೀರು ಕಾರನ್ನೇ ಎಳೆದುಕೊಂಡು ಹೋಗುತ್ತದೆ.

ರಿಜಿಸ್ಟ್ರೇಷನ್ ಕೆಎಲ್ 14ರಲ್ಲೇ (ಕಾಸರಗೋಡಿನ ನಂಬರ್) ಮಾಡಿಸಿ. ಕೇರಳದಲ್ಲಿ 2025ರ ಏಪ್ರಿಲ್‌ನಿಂದ 15 ಲಕ್ಷದವರೆಗಿನ ಇವಿಗೆ ಶೇ 5 ತೆರಿಗೆ. ಅದನ್ನು ಉಳಿಸಲು ಮಂಗಳೂರಿನ ನೆಂಟರ ವಿಳಾಸ ಕೊಡುವುದು ತಪ್ಪು. ಸಂಜೆ ಕಾರು ಮನೆಗೆ ಬರುವುದರಿಂದ ಗಡಿಯಾಚೆ ನಿಮಗೆ ತೊಂದರೆ ಇಲ್ಲ. ಒಂದೇ ಸಮ 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲೇ ಇಟ್ಟರೆ ಮಾತ್ರ ಅಲ್ಲಿನ ನಂಬರ್ ಮಾಡಿಸಬೇಕು.

ಕೊನೆಗೆ ಮನೆಯಲ್ಲಿ ಕೂತು ಮಾತಾಡಬೇಕಾದ ಒಂದು ವಿಷಯ. ಡಿಗ್ರಿ ಮುಗಿಯಲು ಇನ್ನು ಹೆಚ್ಚು ಸಮಯವಿಲ್ಲ. ಆಮೇಲೆ ಬೆಂಗಳೂರಿಗೋ ಕೊಚ್ಚಿಗೋ ಹೋದರೆ ಈ ಕಾರನ್ನು ಯಾರು ಓಡಿಸುತ್ತಾರೆ? ಅಪ್ಪ ಅಥವಾ ಅಮ್ಮ ಓಡಿಸುವವರಾದರೆ ಚಿಂತೆ ಇಲ್ಲ. ಯಾರೂ ಇಲ್ಲ, ಶೆಡ್ಡಿನಲ್ಲಿ ನಿಲ್ಲುತ್ತದೆ ಎಂದಾದರೆ ಮೇಲಿನ ಲೆಕ್ಕವೆಲ್ಲ ಉಲ್ಟಾ. ಆಗ ಒಳ್ಳೆಯ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತೆಗೆದು, ಕುಂಬಳೆ ಸ್ಟೇಷನ್‌ವರೆಗೆ ಅದರಲ್ಲಿ ಹೋಗಿ, ಅಲ್ಲಿಂದ ಸೀಸನ್ ಟಿಕೆಟ್‌ನಲ್ಲಿ ರೈಲು ಹಿಡಿಯುವುದೇ ಲೇಸು.

ಪ್ರಶ್ನೆ: ಮಗ ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್ ಆಗಿ) ಇದ್ದು ಓದುತ್ತಿದ್ದಾನೆ. ಸೆಕೆಂಡ್ ಹ್ಯಾಂಡ್ ಇವಿ ಐದಾರು ಲಕ್ಷಕ್ಕೆ ಸಿಗುತ್ತಿದೆ. ತೆಗೆಯಬಹುದೇ?
– ಓದುಗರು, ಉಪ್ಪಳ

ಉತ್ತರ: ಈಗ ಬೇಡ. ಪಿಜಿಯಲ್ಲಿ ಅವನದೇ ಸಾಕೆಟ್ ಇಲ್ಲ. ಮೂರನೇ ಮಹಡಿಯ ಕಿಟಕಿಯಿಂದ ವಯರ್ ಇಳಿಸುವುದು ಬೆಂಕಿಗೆ ದಾರಿ. ಹೊರಗಿನ ಫಾಸ್ಟ್ ಚಾರ್ಜರ್‌ಗಳಲ್ಲಿ ಮನೆಯ ಎರಡು ಪಟ್ಟಿಗೂ ಮೇಲೆ ದರ. ಓದುವ ಹುಡುಗ ವಾರದಲ್ಲಿ ಮೂರು ಸಂಜೆ ಅಲ್ಲಿ ಕಾಯುತ್ತಾ ಕೂರುವುದೂ ನನಗೆ ಸರಿ ಕಾಣುವುದಿಲ್ಲ. ಪಿಜಿಯ ಮಾಲೀಕರು ಮೀಟರ್ ಇಟ್ಟು ಸಾಕೆಟ್ ಕೊಡಲು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಆಗ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಬ್ಯಾಟರಿಯ ಆರೋಗ್ಯದ ರಿಪೋರ್ಟ್ ತೆಗೆಸಿ. ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಎರಡನೇ ಮಾಲೀಕರಿಗೂ ಇದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಅಡ್ವಾನ್ಸ್ ಕೊಡುವ ಮೊದಲು ಬರೆದು ಕೊಡಲು ಹೇಳಿ.