ಸ್ಯಾಡಲ್ ಬ್ಯಾಗ್: ಮುಂದೆ ಅಲ್ಲ ಸ್ವಾಮಿ, ಹಿಂದೆ ತಿರುಗಿಸಿ ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ಸಾಕು, ಮೈಸೂರು ಮಂಡ್ಯದಿಂದ ಕೊಡಗು, ಊಟಿ ಕಡೆ ಬೈಕ್ ಹತ್ತೋರೆಲ್ಲ ಸೀಟಿನ ಎರಡೂ ಕಡೆ ನೇತಾಡೋ ಸ್ಯಾಡಲ್ ಬ್ಯಾಗ್ ಬಗ್ಗೆ ಅದದೇ ಪ್ರಶ್ನೆ ಕೇಳ್ತಾರೆ, ಒಬ್ಬೊಬ್ರಿಗೇ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಎಲ್ಲಾ ಒಟ್ಟಿಗೆ ಬರೀತಿದೀನಿ. ಎರಡೂ ಕಡೆ ತೂಕ ಸಮ ಇರ್ಬೇಕು ಅನ್ನೋ ಥರದ್ದೆಲ್ಲ ಇಲ್ಲಿ ಬರೆಯಲ್ಲ. ಅಷ್ಟೂ ಗೊತ್ತಿಲ್ದೆ ಬೈಕ್ ಓಡಿಸ್ತಿದ್ರೆ ಬ್ಯಾಗಿನ ಮಾತು ಆಮೇಲೆ.

ಪ್ರಶ್ನೆ: ಅಣ್ಣಾ, ಬುಲೆಟ್‌ಗೆ ಲೆದರ್ ಸ್ಯಾಡಲ್ ಬ್ಯಾಗ್ ತಗೋಬೇಕು ಅಂತಿದೀನಿ. ಆನ್‌ಲೈನಲ್ಲಿ ಮೂರು ಸಾವಿರಕ್ಕೂ ಐತೆ, ಹನ್ನೆರಡು ಸಾವಿರಕ್ಕೂ ಐತೆ, ಎರಡ್ರಲ್ಲೂ ‘ಜೆನ್ಯೂನ್ ಲೆದರ್’ ಅಂತ್ಲೇ ಹಾಕವ್ರೆ. ಹತ್ತು ವರ್ಷ ಬಾಳಿಕೆ ಬರ್ಬೇಕು ಅಂದ್ರೆ ಏನು ನೋಡ್ಬೇಕು? (ಮದ್ದೂರು)

ಉತ್ತರ: ಆ ಸೀಲು ನಂಬಬೇಡಿ ತಮ್ಮಾ. ಚರ್ಮನ ಪದರ ಪದರವಾಗಿ ಸೀಳ್ತಾರೆ, ಮೇಲಿನ ಪದರ ಉಜ್ಜದೆ ಹಂಗೇ ಬಿಟ್ರೆ ಫುಲ್ ಗ್ರೇನ್, ಗಟ್ಟಿ ನಾರೆಲ್ಲ ಇರೋದು ಅಲ್ಲೇ. ಕೆಳಗಿನ ಸಡಿಲ ಪದರ ಸ್ಪ್ಲಿಟ್ಟು, ಅದರ ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಹೊಡೆದು ಚರ್ಮದ ಡಿಸೈನ್ ಒತ್ತಿದ್ರೂ ‘ಜೆನ್ಯೂನ್ ಲೆದರ್’ ಅಂತಾನೇ ಮಾರ್ತಾರೆ, ಸುಳ್ಳೂ ಅಲ್ಲ ಅದು. ಬಾಂಡೆಡ್ ಅಂದ್ರೆ ಇನ್ನೂ ಕಡೆ, ಚರ್ಮದ ಚೂರುಪಾರು ಪುಡಿ ಮಾಡಿ ಅಂಟಲ್ಲಿ ಕಲಸಿ ಹಾಳೆ ಮಾಡಿರೋದು. ಯೂಟ್ಯೂಬಲ್ಲಿ ಲೈಟರ್ ಹಚ್ಚಿ ‘ಕೂದಲು ಸುಟ್ಟ ವಾಸನೆ ಬಂತು, ಒರಿಜಿನಲ್ಲು’ ಅನ್ನೋ ಪಂಡಿತರು ಇದಾರಲ್ಲ, ಅವರ ಆ ಪರೀಕ್ಷೇಲಿ ಸ್ಪ್ಲಿಟ್ಟೂ ಪಾಸಾಗುತ್ತೆ, ಅದೂ ಚರ್ಮಾನೇ ತಾನೇ! ಲೈಟರ್ ಜೇಬಲ್ಲಿಟ್ಕೊಂಡು ಕತ್ತರಿಸಿದ ಅಂಚು ನೋಡಿ, ಮೇಲೆ ಕೋಟಿಂಗ್ ಹೊಡೆದಿದ್ರೆ ಅಲ್ಲೇ ಕಾಣುತ್ತೆ. ಅಂಚಿಗೆ ದಪ್ಪ ಪೇಂಟ್ ಬಳಿದು ಮುಚ್ಚಿದ್ರೆ ಮುಚ್ಚಿಡೋಕೆ ಏನೋ ಇದೆ ಅಂತ ನಾನು ಅಂದ್ಕೋತೀನಿ. ದಪ್ಪ ಹತ್ತತ್ರ 3 ಮಿಲಿಮೀಟರ್ ಇರ್ಲಿ, ಒಂದು ರೂಪಾಯಿ ನಾಣ್ಯ ಎರಡು ಒಂದರ ಮೇಲೊಂದು ಇಟ್ರೆ ಹೆಚ್ಚುಕಡಿಮೆ ಅಷ್ಟೇ. ಎಮ್ಮೆ ಚರ್ಮ ಆದ್ರೆ ಒಳ್ಳೇದು, ನೋಡೋಕೆ ಒರಟು, ಇರ್ಲಿ ಬಿಡಿ.

ಆದ್ರೆ ಎಲ್ಲರೂ ಚರ್ಮದ ಹತ್ರಾನೇ ನಿಂತ್ಬಿಡ್ತಾರೆ. ನನ್ನತ್ರ ರಿಪೇರಿಗೆ ಬರೋ ಬ್ಯಾಗಲ್ಲಿ ಮುಂದಗಡೆ ಚರ್ಮ ಹರಿದು ಬಂದಿರೋದು ಕಮ್ಮಿ ಕಣ್ರೀ. ಹೋಗೋದೆಲ್ಲ ಹಿಂದಗಡೆ, ಸೀಟಿನ ಕೆಳಗೆ ಹಾಯೋ ಅಗಲ ಪಟ್ಟಿ ಬ್ಯಾಗಿಗೆ ಸೇರೋ ಜಾಗದಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡ್ತಿಲ್ಲ, ಸರ್ವೀಸ್ ರೋಡಲ್ಲೇ ಹೋಗ್ಬೇಕು, ಒಂದೊಂದು ರೋಡ್ ಹಂಪ್‌ಗೂ ಬ್ಯಾಗ್ ಎದ್ದು ಬೀಳುತ್ತೆ, ಆ ಏಟೆಲ್ಲ ತಿನ್ನೋದು ಆ ಪಟ್ಟಿ ಹಿಡಿದಿರೋ ನಾಲ್ಕಾರು ರಿವೆಟ್ಟು. ಹಂಗಾಗಿ ಅಂಗಡೀಲಿ ಮೊದಲು ಬ್ಯಾಗ್ ಉಲ್ಟಾ ಮಾಡಿ. ಪಟ್ಟಿ ಬರೀ ರಿವೆಟ್ಟಲ್ಲೋ ಬರೀ ಹೊಲಿಗೇಲೋ ನಿಂತಿದ್ಯಾ, ಎರಡೂ ಇದ್ಯಾ ನೋಡಿ, ಎರಡೂ ಇರ್ಬೇಕು, ರಿವೆಟ್ಟಿನ ಒಳಗಡೆ ವಾಷರ್ ಇರ್ಬೇಕು, ಇಲ್ಲಾಂದ್ರೆ ಚರ್ಮನೇ ಕಿತ್ಕೊಂಡು ಬರುತ್ತೆ. ಹಿಂದಿನ ಹಲಗೆ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ. ಅಗ್ಗದ ಮಾಲಲ್ಲಿ ಒಳಗೆ ರಟ್ಟು ತುಂಬಿರ್ತಾರೆ, ಮಡಿಕೇರಿ ಮಳೆ ಒಂದು ಸಲ ಬಿದ್ರೆ ಉಬ್ಬಿ ಕೊಳೆಯುತ್ತೆ.

ಹೊಲಿಗೆ ಒತ್ತೊತ್ತಾಗಿದ್ರೆ ಗಟ್ಟಿ ಅನ್ನೋದೂ ಭ್ರಮೆ. ಇಂಚಿಗೆ ಐದಾರು ಸಾಕು. ಹತ್ತು ಹನ್ನೆರಡು ತೂತು ಹೊಡೆದ್ರೆ ಬಿಲ್ ಬುಕ್ಕಿನ ಹಾಳೆ ಕಿತ್ಕೊಂಡಂಗೆ ಆ ಗೆರೇಲೇ ನೀಟಾಗಿ ಹರಿಯುತ್ತೆ. ದಾರ ಪಾಲಿಯೆಸ್ಟರ್ ಇಲ್ಲಾ ನೈಲಾನ್, ಹತ್ತಿ ದಾರ ಬೇಡ, ಮಳೇಲಿ ಕೊಳೆಯುತ್ತೆ.

ಬಕಲ್‌ಗೆ ಒಂದು ಆಯಸ್ಕಾಂತ ಹಿಡೀರಿ, ಕಚ್ಕೊಂಡ್ರೆ ಬಹುಪಾಲು ಪಾಲಿಶ್ ಹೊಡೆದ ಕಬ್ಬಿಣ, ತುಕ್ಕು ಹಿಡಿಯುತ್ತೆ. ತಂಗಡಿ ತೊಗಟೆ, ಅಳಲೆಕಾಯಿ ಥರದ್ದರಲ್ಲಿ ಹದ ಮಾಡಿದ ಚರ್ಮಕ್ಕೆ ಒದ್ದೆ ಕಬ್ಬಿಣ ತಾಗಿದ್ರೆ ಕರೀ ಕಲೆ ಬೀಳುತ್ತೆ, ಆ ಕಲೆ ತೆಗೆಯೋಕೆ ನನ್ನತ್ರ ತರಬೇಡಿ, ಸುಲಭಕ್ಕೆ ಹೋಗಲ್ಲ ಅದು. ಕಚ್ಚಲಿಲ್ಲ ಅಂತ ಹಿತ್ತಾಳೆ ಅಂತಾನೂ ಕುಣೀಬೇಡಿ, ಅಗ್ಗದ ಸತುವಿನ ಎರಕವೂ ಕಚ್ಚಲ್ಲ, ಒಂದಿನ ಲಟಕ್ ಅಂತ ಮುರಿಯುತ್ತೆ.

ಇನ್ನು ಸ್ಯಾಡಲ್ ಸ್ಟೇ. ಅದೇ, ಬ್ಯಾಗು ಚಕ್ರಕ್ಕೆ ತಾಗದಂಗೆ ಹಾಕೋ ಕಬ್ಬಿಣದ ಕಂಬಿ. ‘ಲುಕ್ಕು ಹಾಳಾಗುತ್ತೆ’ ಅಂತ ಬಿಚ್ಚಿಸಿದೋರಿಗೆ ನಾನು ಬ್ಯಾಗ್ ಹೊಲಿದೇ ಕೊಡಲ್ಲ, ಬೈಕೊಳ್ಳಲಿ. ತುಂಬಿದ ಬ್ಯಾಗು ಒಳಕ್ಕೆ ವಾಲಿ ಟೈರಿಗೆ ಸಿಕ್ಕಿದ್ರೆ, ಇಲ್ಲಾ ಉದ್ದ ಬಿಟ್ಟ ಬಾರು ಸ್ಪೋಕಿಗೆ ಸುತ್ಕೊಂಡ್ರೆ ಹಿಂದಿನ ಚಕ್ರ ಲಾಕು. ನೀವು ಬ್ಯಾಗಿನ ಹತ್ತು ವರ್ಷದ ಲೆಕ್ಕ ಹಾಕ್ತಿದೀರ, ನಾನು ನಿಮ್ಮ ಲೆಕ್ಕ ಹಾಕ್ತಿದೀನಿ. ಬುಲೆಟ್ಟಲ್ಲಿ ಸೈಲೆನ್ಸರ್ ಬಲಗಡೆ, ಆ ಕಡೆ ಬ್ಯಾಗಿನ ತಳಕ್ಕೂ ಅದಕ್ಕೂ ಮಧ್ಯೆ ಒಂದು ಕೈ ಆರಾಮಾಗಿ ಆಡ್ಬೇಕು, ಬ್ಯಾಗ್ ತುಂಬಿಸಿ, ಹಿಂದೆ ಒಬ್ರನ್ನ ಕೂರ್ಸಿ ಆಮೇಲೆ ನೋಡಿ, ಖಾಲಿ ಬ್ಯಾಗಲ್ಲಿ ನೋಡಿ ಏನ್ ಪ್ರಯೋಜನ.

ದುಡ್ಡಿನ ಮಾತು: ಮೂರು ಸಾವಿರಕ್ಕೆ ಜೋಡಿ ಫುಲ್ ಗ್ರೇನ್ ಬರಲ್ಲ. ಅಷ್ಟೇ ಬಜೆಟ್ ಅಂದ್ರೆ ದಪ್ಪ ಕ್ಯಾನ್ವಾಸ್ ತಗೊಳಿ, ಮರ್ಯಾದೆಯಾಗಿ ಬಾಳುತ್ತೆ.

ಪ್ರಶ್ನೆ: ಬ್ಯಾಗಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ? ನಮ್ಮ ತಾತ ಚಪ್ಪಲಿಗೆ ಹಚ್ತಿದ್ರು. (ಕುವೆಂಪುನಗರ)

ಉತ್ತರ: ಬೇಡ. 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ, ದಿನ ಕಳೆದ್ರೆ ಮುಗ್ಗಲು ವಾಸನೆ. ಲೆದರ್ ಕಂಡಿಷನರ್ ಅಂತ ಸಿಗುತ್ತೆ, ತೆಳ್ಳಗೆ ಹಚ್ಚಿ. ತಾತನ ಚಪ್ಪಲಿ ತಾತಂಗೇ ಇರ್ಲಿ.

ಪ್ರಶ್ನೆ: ನೆಂದ ಬ್ಯಾಗ್ ಬೇಗ ಒಣಗಿಸೋಕೆ ಹೇರ್ ಡ್ರೈಯರ್ ಓಕೆನಾ? (ವಿಜಯನಗರ)

ಉತ್ತರ: ಅಯ್ಯೋ. ತೊಗಟೇಲಿ ಹದ ಮಾಡಿದ ಚರ್ಮ ಒದ್ದೆ ಇರೋವಾಗ 75–85 ಡಿಗ್ರಿ ಬಿಸಿ ತಾಗಿದ್ರೆ ಸುರುಟಿಕೊಳ್ಳುತ್ತೆ, ಮತ್ತೆ ವಾಪಸ್ ಬರಲ್ಲ. ಕ್ರೋಮ್ ಉಪ್ಪಲ್ಲಿ ಹದ ಮಾಡಿದ ಚರ್ಮ 100ರ ತನಕ ತಡೆಯುತ್ತೆ, ಆದ್ರೂ ಬೇಡ. ಒಳಗೆ ಪೇಪರ್ ತುರುಕಿ ನೆರಳಲ್ಲಿ ಗಾಳಿಗೆ ಬಿಡಿ. ಬೂಷ್ಟು ಬಂದಿದ್ರೆ ಮನೆ ಹೊರಗೆ ಒರೆಸಿ.

ಪ್ರಶ್ನೆ: ಪೂರ್ತಿ ವಾಟರ್‌ಪ್ರೂಫ್ ಲೆದರ್ ಬ್ಯಾಗ್ ಯಾವ್ದು? (ಮಂಡ್ಯ)

ಉತ್ತರ: ಯಾವ್ದೂ ಇಲ್ಲ. ಒಳಗೆ ಪ್ಲಾಸ್ಟಿಕ್ ಕವರ್ ಹಾಕಿ.

ಪ್ರಶ್ನೆ: ಅಪ್ಪನ ಹಳೇ ಯೆಜ್ಡಿಗೆ ಬುಲೆಟ್ ಬ್ಯಾಗೇ ಆಗುತ್ತಾ? (ಯಾದವಗಿರಿ)

ಉತ್ತರ: ಫ್ಯಾಕ್ಟರಿ ಇದ್ದ ಏರಿಯಾದೋರೇ ಹಿಂಗ್ ಕೇಳಿದ್ರೆ ಹೆಂಗೆ ಸಾರ್! 1996ರಲ್ಲಿ ಬಾಗಿಲು ಹಾಕಿದ್ರೂ ಆ ಬೈಕುಗಳು ಇನ್ನೂ ಮೈಸೂರಲ್ಲಿ ಓಡ್ತಾನೇ ಇದಾವೆ. ಹಳೇ ಯೆಜ್ಡಿಗೆ ಎರಡೂ ಕಡೆ ಸೈಲೆನ್ಸರ್, ಅಂದ್ರೆ ಎರಡೂ ಬ್ಯಾಗಿಗೂ ಬಿಸಿ. ಆಳ ಕಮ್ಮಿ ಇರೋ ಬ್ಯಾಗ್ ಬೇಕು, ಸ್ಟೇ ಬೇರೆ ಬೆಂಡ್ ಮಾಡಿಸ್ಬೇಕು. ಫೋಟೋ ಕಳಿಸಿ ಅಳತೆ ಕೇಳ್ಬೇಡಿ, ಗಾಡಿ ತಗೊಂಡು ಬನ್ನಿ.